ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ವೈದ್ಯರು

1784ರಲ್ಲಿ ಪ್ಯಾರಿಸ್ಸಿನ ಪಕ್ಕದ ಪಾಸಿ ಎಂಬ ಹಳ್ಳಿಯ ತೋಟವೊಂದರಲ್ಲಿ ಆಪ್ರಿಕಾಟ್ ಮರಕ್ಕೆ ಶಕ್ತಿ ತುಂಬುವ ಶಾಸ್ತ್ರ ನಡೆಯಿತು. ತುಂಬಿದವರು ಶಾರ್ಲ್ ದೆಸ್ಲೋನ್, ಫ್ರಾನ್ಸಿನ ದೊರೆಯ ತಮ್ಮನಿಗೆ ವೈದ್ಯರಾಗಿದ್ದವರು. ಆ ತೋಟದ ಮನೆಯಲ್ಲಿ ವಾಸವಿದ್ದವರು ಬೆಂಜಮಿನ್ ಫ್ರಾಂಕ್ಲಿನ್. ಅಮೆರಿಕದ ಪ್ರತಿನಿಧಿಯಾಗಿ ಬಂದಿದ್ದ ಅವರಿಗೆ ಆಗ 78 ವರ್ಷ. ಗೌಟ್ ಮತ್ತು ಮೂತ್ರಕೋಶದ ಕಲ್ಲಿನ ಕಾಟದಲ್ಲಿ ಕುದುರೆಗಾಡಿಯ ಕುಲುಕಾಟ ತಡೆಯುವಂತಿರಲಿಲ್ಲ. ಹಾಗಾಗಿ ಆ ಶಕ್ತಿ ನಿಜವೇ ಎಂಬ ಪರೀಕ್ಷೆಯೇ ಅವರ ಮನೆಬಾಗಿಲಿಗೆ ಬಂದಿತ್ತು.

ಮನೆಯೊಳಗೆ ಹನ್ನೆರಡು ವರ್ಷದ ಹುಡುಗನೊಬ್ಬ ಕಾದಿದ್ದ. ಈ ಶಕ್ತಿ ಬಲುಬೇಗ ತಾಗುವ ರೋಗಿ ಇವನೇ ಎಂದು ದೆಸ್ಲೋನ್ ಅವರೇ ಆರಿಸಿ ತಂದಿದ್ದರು. ಅವನ ಕಣ್ಣಿಗೆ ಬಟ್ಟೆ ಕಟ್ಟಿ, ತೋಟಕ್ಕೆ ನಡೆಸಿಕೊಂಡು ಹೋಗಿ, ಒಂದಾದ ಮೇಲೊಂದು ನಾಲ್ಕು ಮರಗಳನ್ನು ಎರಡೆರಡು ನಿಮಿಷ ತಬ್ಬಿ ನಿಲ್ಲುವಂತೆ ಹೇಳಿದರು. ದೆಸ್ಲೋನ್ ದೂರದಲ್ಲಿ ನಿಂತು ತಮ್ಮ ಊರುಗೋಲನ್ನು ಆಪ್ರಿಕಾಟ್ ಮರದತ್ತ ಚಾಚಿದ್ದರು. ಮೊದಲ ಮರದಲ್ಲಿ ಹುಡುಗ ಬೆವರಿದ, ಕೆಮ್ಮಿದ, ತಲೆ ನೋಯುತ್ತಿದೆ ಎಂದ. ಎರಡನೆಯದರಲ್ಲಿ ಮಂಪರು ಕವಿಯಿತು. ಮೂರನೆಯದರಲ್ಲಿ ಅದು ಇನ್ನಷ್ಟು ಏರಿತು. ಶಕ್ತಿ ತುಂಬಿದ ಮರ ಹತ್ತಿರವಾಗುತ್ತಿದೆ ಎಂದು ಅವನಿಗೆ ಅನ್ನಿಸಿತು. ನಾಲ್ಕನೆಯ ಮರಕ್ಕೆ ಬರುವಷ್ಟರಲ್ಲಿ ಕೈಕಾಲು ಸೆಟೆದು ಪ್ರಜ್ಞೆ ತಪ್ಪಿ ಬಿದ್ದ. ಎತ್ತಿ ಹುಲ್ಲಿನ ಮೇಲೆ ಮಲಗಿಸಬೇಕಾಯಿತು. ಶಕ್ತಿ ತುಂಬಿದ ಆಪ್ರಿಕಾಟ್ ಮರ ಇನ್ನೂ ಸುಮಾರು 24 ಅಡಿ ಆಚೆಗಿತ್ತು. ಅದರ ಹತ್ತಿರವೇ ಅವನನ್ನು ಒಯ್ದಿರಲಿಲ್ಲ.

ದೆಸ್ಲೋನ್ ಸೋಲೊಪ್ಪಲಿಲ್ಲ. ಬಯಲಲ್ಲಿರುವ ಮರಗಳಿಗೆಲ್ಲ ಸಹಜವಾಗಿಯೇ ಒಂದಿಷ್ಟು ಶಕ್ತಿ ಇರುತ್ತದೆ, ತಾನು ಅಲ್ಲಿದ್ದುದರಿಂದ ಅದು ಹೆಚ್ಚಿತು ಎಂದರು. ಹಾಗಿದ್ದರೆ ಇಂಥ ರೋಗಿಗಳು ತೋಟಕ್ಕೆ ಕಾಲಿಡುವುದೇ ಅಪಾಯವಲ್ಲವೇ ಎಂದು ಪರೀಕ್ಷಕರು ತಮ್ಮ ವರದಿಯಲ್ಲಿ ಬರೆದರು. ಅಧಿಕೃತ ವರದಿಗಳಲ್ಲಿ ಇಷ್ಟು ತಣ್ಣಗಿನ ವ್ಯಂಗ್ಯ ಸಿಗುವುದು ಅಪರೂಪ.

ಹೊಸ ಔಷಧವನ್ನು ಪರೀಕ್ಷಿಸುವಾಗ ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಮದ್ದು ಎಂಬುದನ್ನು ರೋಗಿಯಿಂದಲೂ ವೈದ್ಯರಿಂದಲೂ ಮರೆಮಾಡುವ ಪದ್ಧತಿಗೆ ಬ್ಲೈಂಡಿಂಗ್ ಎನ್ನುತ್ತಾರೆ. ಇಂದು ಯಾವ ಕ್ಲಿನಿಕಲ್ ಟ್ರಯಲ್‌ನ ಸುದ್ದಿ ಬಂದರೂ ‘ಡಬಲ್ ಬ್ಲೈಂಡ್’ ಎಂಬ ಮುದ್ರೆ ಇದೆಯೇ ಎಂದು ಮೊದಲು ನೋಡುವುದುಂಟು. ಆ ಪದ್ಧತಿಯ ಮೊದಲ ದೊಡ್ಡ ಪ್ರಯೋಗ ಪಾಸಿಯ ತೋಟದಲ್ಲೇ ನಡೆಯಿತು. ಆದರೆ ಆ ಬಟ್ಟೆ ಮೊದಲು ಯಾರ ಕಣ್ಣಿಗೆ ಬಿತ್ತು, ವೈದ್ಯರ ಕಣ್ಣಿಗೆ ಬರುವುದು ಎಷ್ಟು ತಡವಾಯಿತು ಎಂಬುದನ್ನು ನೋಡಿದರೆ ವೈದ್ಯವೃತ್ತಿಯ ಸ್ವಭಾವವೇ ಬೇರೆ ಬೆಳಕಿನಲ್ಲಿ ಕಾಣುತ್ತದೆ.

ಮರಕ್ಕೆ ಶಕ್ತಿ ತುಂಬುವ ವಿದ್ಯೆ ದೆಸ್ಲೋನರ ಸ್ವಂತದ್ದಲ್ಲ, ಅವರ ಗುರು ಫ್ರಾಂಟ್ಸ್ ಆಂಟನ್ ಮೆಸ್ಮರ್ ಅವರದ್ದು. 1734ರಲ್ಲಿ ಹುಟ್ಟಿದ ಈ ಜರ್ಮನ್ ವೈದ್ಯ ವಿಯೆನ್ನಾದಲ್ಲಿ ಓದಿ, ಗ್ರಹಗಳು ಮನುಷ್ಯದೇಹದ ಮೇಲೆ ಬೀರುವ ಪ್ರಭಾವದ ಬಗ್ಗೆ ಪ್ರಬಂಧ ಬರೆದು, ಮದ್ದು ಕೊಡಲು ಶುರುಮಾಡಿದವರು. ಜಗತ್ತನ್ನೆಲ್ಲ ವ್ಯಾಪಿಸಿರುವ ಸೂಕ್ಷ್ಮ ದ್ರವವೊಂದಿದೆ, ದೇಹದಲ್ಲಿ ಅದರ ಹರಿವು ಕಟ್ಟಿಕೊಂಡರೆ ಕಾಯಿಲೆ, ತಾನು ಅದನ್ನು ಬಿಡಿಸಬಲ್ಲೆ ಎಂಬುದು ಅವರ ವಾದ. ಅದಕ್ಕೆ ‘ಪ್ರಾಣಿ ಅಯಸ್ಕಾಂತತೆ’ ಎಂದು ಹೆಸರಿಟ್ಟರು. ಅಂಧ ಪಿಯಾನೋ ವಾದಕಿಯೊಬ್ಬಳ ಚಿಕಿತ್ಸೆ ವಿವಾದವಾಗಿ ವಿಯೆನ್ನಾ ಬಿಡಬೇಕಾದಾಗ 1778ರಲ್ಲಿ ಪ್ಯಾರಿಸ್ಸಿಗೆ ಬಂದರು. ಪ್ಯಾರಿಸ್ ಮುಗಿಬಿತ್ತು.

ಚಿಕಿತ್ಸೆಯ ಕೋಣೆಯಲ್ಲಿ ಓಕ್ ಮರದ ದೊಡ್ಡ ಬಾನಿ. ಅದರ ಮುಚ್ಚಳದಿಂದ ಕಬ್ಬಿಣದ ಸರಳುಗಳು ಹೊರಚಾಚಿರುತ್ತಿದ್ದವು. ರೋಗಿಗಳು ಸುತ್ತ ಕೂತು ಸರಳಿನ ತುದಿಯನ್ನು ನೋಯುವ ಜಾಗಕ್ಕೆ ಒತ್ತಿಕೊಳ್ಳಬೇಕು. ಒಬ್ಬರಿಂದೊಬ್ಬರಿಗೆ ಹಗ್ಗದ ಸುತ್ತು. ಪಕ್ಕದಲ್ಲಿ ಗಾಜಿನ ಹಾರ್ಮೋನಿಕಾದ ಸಂಗೀತ. ಆ ವಾದ್ಯವನ್ನು ಕಂಡುಹಿಡಿದವರು ಬೇರೆ ಯಾರೂ ಅಲ್ಲ, ಫ್ರಾಂಕ್ಲಿನ್ನರೇ! ಸ್ವಲ್ಪ ಹೊತ್ತಿಗೆ ಒಬ್ಬರಿಗೆ ನಡುಕ, ಇನ್ನೊಬ್ಬರಿಗೆ ಅಳು, ಮತ್ತೊಬ್ಬರಿಗೆ ಸೆಳವು. ಮೆಸ್ಮರ್ ಪ್ರಕಾರ ಆ ಸೆಳವೇ ಗುಣವಾಗುವ ಲಕ್ಷಣ. ಈ ವಿದ್ಯೆಯ ಗುಟ್ಟನ್ನು ಕಲಿಯುವ ಸಂಘಕ್ಕೆ ಸೇರಲು ಒಬ್ಬೊಬ್ಬರು 100 ಚಿನ್ನದ ಲೂಯಿ ಕೊಡಬೇಕಿತ್ತು. ಕೊಟ್ಟರು.

ಗಲಾಟೆ ಜಾಸ್ತಿಯಾದಾಗ ಹದಿನಾರನೆಯ ಲೂಯಿ ದೊರೆ ಆಯೋಗ ನೇಮಿಸಿದ. ವಿಜ್ಞಾನ ಅಕಾಡೆಮಿಯಿಂದ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ, ಖಗೋಳಜ್ಞ ಬಾಯಿ ಮತ್ತಿತರರು. ವೈದ್ಯ ಫ್ಯಾಕಲ್ಟಿಯಿಂದ ಗಿಯೊಟಿನ್ ಸೇರಿ ನಾಲ್ವರು. ಹತ್ತೇ ವರ್ಷದೊಳಗೆ ಬಾಯಿ ಮತ್ತು ಲವಾಸಿಯೆ ಇಬ್ಬರ ತಲೆಯನ್ನೂ ಕ್ರಾಂತಿಯ ಸರ್ಕಾರ ಉರುಳಿಸಿತು. ಉರುಳಿಸಿದ ಯಂತ್ರಕ್ಕೆ ಅಂಟಿದ್ದು ಅವರ ಸಹೋದ್ಯೋಗಿ ಗಿಯೊಟಿನ್ ಅವರ ಹೆಸರು. ಮೆಸ್ಮರ್ ಪರೀಕ್ಷೆಗೆ ಒಪ್ಪಲಿಲ್ಲ. ಆ ಹೊತ್ತಿಗೆ ಅವರಿಂದ ಬೇರೆಯಾಗಿದ್ದ ದೆಸ್ಲೋನ್ ಒಪ್ಪಿದರು. ನನ್ನ ರೋಗಿಗಳು ಗುಣವಾಗಿರುವುದನ್ನು ನೋಡಿ ಎಂಬುದು ಅವರ ಬೇಡಿಕೆ. ಆಯೋಗ ಅದಕ್ಕೆ ಸೊಪ್ಪುಹಾಕಲಿಲ್ಲ. ಕಾಯಿಲೆ ತಾನಾಗಿಯೂ ವಾಸಿಯಾಗುತ್ತದೆ, ವಾಸಿಯಾದದ್ದರಿಂದ ಯಾವ ಮದ್ದೂ ರುಜುವಾತಾಗುವುದಿಲ್ಲ, ದ್ರವ ಇದೆಯೋ ಇಲ್ಲವೋ ಅದನ್ನಷ್ಟೇ ನೋಡುತ್ತೇವೆ ಎಂದಿತು. ಪ್ರಶ್ನೆಯನ್ನು ಹೀಗೆ ಕಿರಿದು ಮಾಡಿಕೊಂಡದ್ದೇ ಅವರ ಜಾಣತನ.

ಅವರು ಮಾಡಿದ್ದು ಸರಳ. ಶಕ್ತಿ ಇದ್ದಾಗ ಇಲ್ಲವೆಂದು ನಂಬಿಸುವುದು, ಇಲ್ಲದಾಗ ಇದೆಯೆಂದು ನಂಬಿಸುವುದು. ಲವಾಸಿಯೆ ಮನೆಯಲ್ಲಿ ಒಬ್ಬಾಕೆಗೆ ಒಂದರ ಹಿಂದೊಂದು ಪಿಂಗಾಣಿ ಬಟ್ಟಲುಗಳನ್ನು ಮುಂದಿಟ್ಟರು. ಯಾವುದಕ್ಕೂ ಶಕ್ತಿ ತುಂಬಿರಲಿಲ್ಲ. ಎರಡನೆಯದಕ್ಕೇ ಆಕೆ ತತ್ತರಿಸಿ, ನಾಲ್ಕನೆಯದಕ್ಕೆ ಪೂರ್ತಿ ಸೆಳವಿಗೆ ಒಳಗಾದಳು. ಚೇತರಿಸಿಕೊಳ್ಳುತ್ತ ನೀರು ಕೇಳಿದಾಗ ದೆಸ್ಲೋನ್ ನಿಜಕ್ಕೂ ಶಕ್ತಿ ತುಂಬಿದ್ದ ಬಟ್ಟಲಲ್ಲೇ ಕೊಟ್ಟರು. ಶಾಂತವಾಗಿ ಕುಡಿದು, ಈಗ ಹಾಯೆನಿಸುತ್ತಿದೆ ಎಂದಳು. ಆಗಸ್ಟ್ 11ರಂದು ಸಹಿಯಾದ ವರದಿಯ ತೀರ್ಮಾನ ಒಂದೇ: ದ್ರವವಿಲ್ಲ, ಇರುವುದು ಕಲ್ಪನೆಯ ಬಲ. ವರದಿಯ ಸಾವಿರಾರು ಪ್ರತಿಗಳು ಅಚ್ಚಾಗಿ ಊರೆಲ್ಲ ಹಂಚಿಕೆಯಾದವು. ಕಲ್ಪನೆಯಿಂದಲೇ ವಾಸಿಯಾಗುವುದಾದರೆ ಅದನ್ನೇ ಮದ್ದಾಗಿ ಏಕೆ ಬಳಸಬಾರದು ಎಂದು ದೆಸ್ಲೋನ್ ಕೇಳಿದ್ದುಂಟು. ಅದು ಹುಡುಗಾಟದ ಪ್ರಶ್ನೆಯಲ್ಲ. ಇಂದಿಗೂ ಸರಿಯಾದ ಉತ್ತರ ಸಿಕ್ಕಿಲ್ಲ.

ಅಲ್ಲಿಂದ ಹದಿನೈದು ವರ್ಷಕ್ಕೆ, ಇಂಗ್ಲೆಂಡಿನ ಬಾತ್ ಪಟ್ಟಣ. ಅಮೆರಿಕದ ಎಲಿಷಾ ಪರ್ಕಿನ್ಸ್ ಎಂಬ ವೈದ್ಯ 1796ರಲ್ಲಿ ಪೇಟೆಂಟ್ ಪಡೆದಿದ್ದ ಎರಡು ಲೋಹದ ಚೂಪು ಕಡ್ಡಿಗಳು ಅಲ್ಲಿ ಭರ್ಜರಿ ಮಾರಾಟವಾಗುತ್ತಿದ್ದವು. ಜೋಡಿಗೆ ಐದು ಗಿನಿ. ನೋವಿರುವಲ್ಲಿ ಎಳೆದರೆ ನೋವು ಇಳಿದುಹೋಗುತ್ತದಂತೆ. ಜಾನ್ ಹೇಗಾರ್ತ್ ಎಂಬ ವೈದ್ಯರು ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣಲು ಬಣ್ಣ ಹೊಡೆಸಿ, ಬಾತ್ ಆಸ್ಪತ್ರೆಯ ಐವರು ಸಂಧಿವಾತದ ರೋಗಿಗಳ ಮೇಲೆ ಎಳೆದರು. ನಾಲ್ವರಿಗೆ ಹಿತವಾಯಿತು. ಒಬ್ಬ ಮೊಣಕಾಲು ಬೆಚ್ಚಗಾಯಿತೆಂದು ಎದ್ದು ನಡೆದು ತೋರಿಸಿದ. ಇನ್ನೊಬ್ಬನ ನೋವು ಒಂಬತ್ತು ಗಂಟೆ ಸುಳಿಯಲಿಲ್ಲ. ಮಾರನೆಯ ದಿನ ಅಸಲಿ ಲೋಹದ ಕಡ್ಡಿಗಳಲ್ಲೂ ಫಲ ಹೆಚ್ಚುಕಡಿಮೆ ಅಷ್ಟೇ.

1800ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೇಗಾರ್ತ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೆಸರಾಂತ ವೈದ್ಯರ ಮದ್ದು ಹೆಸರಿಲ್ಲದವರ ಅದೇ ಮದ್ದಿಗಿಂತ ಚೆನ್ನಾಗಿ ಹಿಡಿಯುವುದೂ ಈ ಕಲ್ಪನೆಯ ಬಲದಿಂದಲೇ ಎಂದರು. ನಾವು ಡಾಕ್ಟರ ಕೈಗುಣ ಎನ್ನುತ್ತೇವಲ್ಲ, ಅದರ ಬಗ್ಗೆ ಡಾಕ್ಟರೊಬ್ಬರೇ ಅಪರೂಪಕ್ಕೆ ಬಾಯಿಬಿಟ್ಟದ್ದು. ಆದರೆ ಮರದ ಕಡ್ಡಿಯಂಥ ಪರೀಕ್ಷೆಯನ್ನು ತಮ್ಮದೇ ರಕ್ತ ತೆಗೆಯುವ ಚಿಕಿತ್ಸೆಗೋ ಪಾದರಸದ ಗುಳಿಗೆಗೋ ಒಡ್ಡಬೇಕೆಂದು ಆ ಕಾಲದ ದೊಡ್ಡ ವೈದ್ಯರಿಗೆ ಹೊಳೆಯಲಿಲ್ಲ. ಹೊಳೆದರೂ ಮಾಡಲಿಲ್ಲ.

ಆ ಕಾಲದ ಪ್ರಯೋಗಗಳಲ್ಲೆಲ್ಲ ನನಗೆ ಅತ್ಯಂತ ಇಷ್ಟವಾದದ್ದು ಹೋಟೆಲೊಂದರಲ್ಲಿ ನಡೆದದ್ದು. ಬವೇರಿಯಾದ ನ್ಯೂರೆಂಬರ್ಗ್‌ನಲ್ಲಿ 1830ರ ದಶಕದಲ್ಲಿ ಹೋಮಿಯೋಪತಿಗೆ ಶ್ರೀಮಂತರ ಒಲವು ಸಿಕ್ಕಿತ್ತು. ಊರಿನ ಆಸ್ಪತ್ರೆಗಳ ಮುಖ್ಯಸ್ಥ ಫ್ರೀಡ್ರಿಕ್ ವಿಲ್‌ಹೆಲ್ಮ್ ಫಾನ್ ಹೋಫನ್ ಸುಳ್ಳು ಹೆಸರಿನಲ್ಲಿ ಅದನ್ನು ಲೇವಡಿ ಮಾಡಿ ಬರೆದರು. ಯೋಹಾನ್ ಯಾಕೋಬ್ ರಾಯ್ಟರ್ ಎಂಬ ಹೋಮಿಯೋಪತಿ ವೈದ್ಯರು ಸಿಟ್ಟಿಗೆದ್ದು ಪಂಥ ಕಟ್ಟಿದರು: ಉಪ್ಪಿನ ಮೂವತ್ತನೆಯ ದುರ್ಬಲೀಕರಣವನ್ನು ಸೇವಿಸಿದ ಆರೋಗ್ಯವಂತರಿಗೂ ವಿಚಿತ್ರ ಅನುಭವಗಳಾಗುತ್ತವೆ, ಹತ್ತಕ್ಕೆ ಒಂದರಂತೆ ಬಾಜಿ. ಬಾಜಿಯನ್ನು ಊರೇ ಕೈಗೆತ್ತಿಕೊಂಡಿತು. ಗೇಯೋರ್ಗ್ ಲೋನರ್ ಎಂಬ ಪತ್ರಿಕಾ ಸಂಪಾದಕರು ಕಾರ್ಯದರ್ಶಿಯಾದರು.

1835ರ ಫೆಬ್ರವರಿ 19ರಂದು ‘ಕೆಂಪು ಹುಂಜ’ ಎಂಬ ಹೋಟೆಲಿನಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಜನ ಸೇರಿದರು. ಹಿಮ ಕರಗಿಸಿ ಬಟ್ಟಿಯಿಳಿಸಿದ ನೀರು ಬಂತು. ಉಪ್ಪಿನ ಒಂದು ಕಾಳನ್ನು ಅದರ ನೂರು ಹನಿಯಲ್ಲಿ ಕರಗಿಸಿ, ನೂರಕ್ಕೆ ಒಂದರಂತೆ ಮತ್ತೆ ಮತ್ತೆ ತೆಳುಮಾಡಿದರು. ನೂರು ಬಾಟಲಿಗಳಿಗೆ ಸಂಖ್ಯೆ ಹಾಕಿ, ಚೆನ್ನಾಗಿ ಕಲೆಸಿ, ಐವತ್ತೈವತ್ತರ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಉಪ್ಪಿನ ಮದ್ದು, ಇನ್ನೊಂದಕ್ಕೆ ಬರೀ ನೀರು. ಯಾವ ಸಂಖ್ಯೆಯಲ್ಲಿ ಏನಿದೆ ಎಂಬ ಪಟ್ಟಿಗೆ ಅರಗಿನ ಮುದ್ರೆ ಬಿತ್ತು. ಕುಡಿಯುವವರಿಗೆ ಗೊತ್ತಿಲ್ಲ, ಹಂಚುವವರಿಗೂ ಗೊತ್ತಿಲ್ಲ. ಕೈಗೆ ಬಂದ ಬಾಟಲಿ ಹಿಡಿದು ಜನ ಮನೆಗೆ ಹೋದರು.

ಮೂರು ವಾರಗಳ ನಂತರ ಮತ್ತೆ ಸೇರಿದಾಗ, ಬಾಟಲಿ ಪಡೆದ 54 ಮಂದಿಯಲ್ಲಿ 50 ಮಂದಿಯ ವರದಿ ಬಂದಿತ್ತು. 42 ಜನರಿಗೆ ಏನೂ ಆಗಿರಲಿಲ್ಲ. ಏನೋ ಆಯಿತು ಎಂದ ಎಂಟು ಜನರಲ್ಲಿ ಐವರು ಉಪ್ಪಿನ ಮದ್ದು ಕುಡಿದವರು, ಮೂವರು ನೀರು ಕುಡಿದವರು. ಲೋನರ್ ಎಲ್ಲವನ್ನೂ ಅಚ್ಚುಹಾಕಿಸಿದರು. ಬಾಟಲಿಗಳನ್ನು ಕಲೆಸಿದ್ದು, ಸಂಖ್ಯೆ ಹಾಕಿದ್ದು, ಮುದ್ರೆಯೊತ್ತಿದ ಪಟ್ಟಿ, ಹೋಲಿಕೆಗೆ ನೀರು, ಎರಡೂ ಕಡೆ ಅಜ್ಞಾನ, ಫಲಿತಾಂಶದ ಪ್ರಕಟಣೆ: ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಹೆಮ್ಮೆಪಟ್ಟುಕೊಂಡ ಸಲಕರಣೆಗಳೆಲ್ಲ ಆ ಸಂಜೆಯ ಮೇಜಿನ ಮೇಲಿದ್ದವು. ವೈದ್ಯಶಾಸ್ತ್ರ ಮಾತ್ರ ಅದನ್ನು ಮರೆತು ಮುಂದೆ ಹೋಯಿತು.

ಏಕೆ? ನನ್ನ ಲೆಕ್ಕದಲ್ಲಿ ಕಾರಣ ಸರಳವಾದದ್ದು. ಅಲ್ಲಿಯವರೆಗೆ ಬ್ಲೈಂಡಿಂಗ್ ಎಂಬುದು ಎದುರಾಳಿಯನ್ನು ಬಯಲಿಗೆಳೆಯುವ ಆಯುಧವಾಗಿತ್ತು. ಮೆಸ್ಮರನ ಶಿಷ್ಯರು, ಕಡ್ಡಿ ಮಾರುವವರು, ಹೋಮಿಯೋಪತಿಗಳು, ಹೀಗೆ ಸದಾ ಬೇರೆಯವರು ಕಟಕಟೆಯಲ್ಲಿ. ಪರರ ಎಲೆಯ ನೊಣವನ್ನು ಇಷ್ಟು ಶಾಸ್ತ್ರೋಕ್ತವಾಗಿ ಹುಡುಕಿದವರು ತಮ್ಮ ಎಲೆಯಲ್ಲಿ ಸತ್ತುಬಿದ್ದ ಕತ್ತೆಯ ಕಡೆ ನೋಡಲಿಲ್ಲ. ನಾನು ವಿದ್ಯಾವಂತ, ನುರಿತವ, ನನ್ನ ಕಣ್ಣು ಮೋಸಹೋಗದು ಎಂಬುದು ವೃತ್ತಿಯ ಘನತೆಯೇ ಆಗಿತ್ತು. ಆ ಘನತೆ ಕರಗಲು ಇನ್ನೂ ನೂರು ವರ್ಷ ಬೇಕಾಯಿತು.

ಮೊದಲ ಬಿರುಕು ಮೂಡಿಸಿದವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಒಬ್ಬರು. ನಮ್ಮ ಕಡೆ ಈ ಹೆಸರು ಬೇರೆ ಕಾರಣಕ್ಕೆ ಕೆಲವರಿಗೆ ಗೊತ್ತು: 1901-02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು ಅವರ ಬದುಕಿನ ಬಗ್ಗೆ ದೊಡ್ಡ ಪುಸ್ತಕ ಬರೆದವರು ಇವರೇ. ಕೇಂಬ್ರಿಜ್‌ಗೆ ಮರಳಿ, ಕೆಫೀನ್ ಮತ್ತು ಮದ್ಯ ಮನುಷ್ಯನ ದಣಿವಿನ ಮೇಲೆ ಏನು ಮಾಡುತ್ತವೆ ಎಂದು ಅಳೆಯತೊಡಗಿದರು. ಬೆರಳಿನಿಂದ ತೂಕ ಎಳೆದು ದಣಿವನ್ನು ಗೀಟು ಹಾಕುವ ಯಂತ್ರ. ಪ್ರಯೋಗಪಶು ಸ್ವತಃ ಅವರೇ. ಇಂದು ಕೆಫೀನ್ ಕುಡಿದಿದ್ದೇನೆ ಎಂಬ ತಿಳಿವೇ, ಅದರ ಕುತೂಹಲವೇ, ಬೆರಳಿನ ಬಲವನ್ನು ಏರಿಸುತ್ತಿದೆ ಎಂಬುದು ಅವರಿಗೆ ಗೊತ್ತಾಯಿತು. ಆಮೇಲೆ ರುಚಿಯಲ್ಲಿ ಗುರುತು ಹತ್ತದ ಹುಸಿ ಮಿಶ್ರಣ ಮಾಡಿಸಿ, ಯಾವ ದಿನ ಏನು ಕುಡಿದೆ ಎಂದು ತನಗೇ ತಿಳಿಯದಂತೆ ನೋಡಿಕೊಂಡರು. 1908ರಲ್ಲಿ ಇದು ಪುಸ್ತಕವಾಗಿ ಬಂತು. ಇಲ್ಲಿ ಕಟಕಟೆಯಲ್ಲಿದ್ದವರು ಸ್ವತಃ ವಿಜ್ಞಾನಿ. ತಿರುವು ಅಲ್ಲಿತ್ತು.

ಆಸ್ಪತ್ರೆಗೆ ಅದನ್ನು ತಂದವರು ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಹ್ಯಾರಿ ಗೋಲ್ಡ್. ಎದೆನೋವಿಗೆ ಥಿಯೋಫಿಲಿನ್ ಜಾತಿಯ ಔಷಧಗಳು ರಾಮಬಾಣ ಎಂದು ವೈದ್ಯರೆಲ್ಲ ಬರೆದುಕೊಡುತ್ತಿದ್ದ ಕಾಲ. ಗೋಲ್ಡ್ ಮತ್ತು ಸಂಗಡಿಗರು ನೂರು ರೋಗಿಗಳಿಗೆ ಸರದಿಯ ಮೇಲೆ ಆ ಔಷಧವನ್ನೂ ಲ್ಯಾಕ್ಟೋಸ್ ಸಕ್ಕರೆಯ ಗುಳಿಗೆಯನ್ನೂ ಕೊಟ್ಟರು. ರೋಗಿಯಿಂದ ಗುಟ್ಟು ಮುಚ್ಚಿಟ್ಟರೆ ಸಾಲದು ಎಂಬುದು ನಡುವೆ ಅರಿವಾಯಿತು. ಔಷಧ ಕೊಟ್ಟದ್ದು ಗೊತ್ತಿದ್ದ ವೈದ್ಯರು ‘ಈ ವಾರ ಸ್ವಲ್ಪ ಕಡಿಮೆ ಇರಬೇಕಲ್ಲವೇ’ ಎಂಬ ಧಾಟಿಯಲ್ಲಿ ಕೇಳಿದರೆ ರೋಗಿ ಹೌದೆನ್ನುತ್ತಾನೆ. ಹಾಗಾಗಿ ಪ್ರಶ್ನೆ ಕೇಳುವವರು ಉತ್ತರ ಬರೆದುಕೊಳ್ಳುವವರೆಗೆ ಏನು ಕೊಟ್ಟಿದೆ ಎಂದು ತಿಳಿದುಕೊಳ್ಳದೆ ಇರುವ ನಿಯಮ ಮಾಡಿದರು. 1937ರಲ್ಲಿ ಪ್ರಕಟವಾದ ಫಲ: ರಾಮಬಾಣಕ್ಕೂ ಸಕ್ಕರೆಗೂ ವ್ಯತ್ಯಾಸವಿಲ್ಲ.

ಯುದ್ಧಕಾಲದ ಬ್ರಿಟನ್ನಿನಲ್ಲಿ ನೆಗಡಿಗೆ ಪ್ಯಾಟುಲಿನ್ ಎಂಬ ಬೂಷ್ಟಿನ ಔಷಧ ಸಿಕ್ಕಿತೆಂದು ಸುದ್ದಿಯಾದಾಗ ವೈದ್ಯಕೀಯ ಸಂಶೋಧನಾ ಮಂಡಳಿ ಸಾವಿರಕ್ಕೂ ಹೆಚ್ಚು ಕಾರ್ಖಾನೆ, ಕಚೇರಿ ನೌಕರರ ಮೇಲೆ ಪರೀಕ್ಷಿಸಿತು. ಅಲ್ಲೊಂದು ಜಾಣ ಉಪಾಯವಿತ್ತು. ಎರಡೇ ಬಗೆಯ ಬಾಟಲಿ ಇದ್ದರೆ ಒಂದು ಗುಟ್ಟು ರಟ್ಟಾದರೆ ಎಲ್ಲವೂ ರಟ್ಟು. ಅದಕ್ಕೇ ನಾಲ್ಕು ಅಕ್ಷರಗಳ ಬಾಟಲಿಗಳು: ಎರಡರಲ್ಲಿ ಪ್ಯಾಟುಲಿನ್, ಎರಡರಲ್ಲಿ ಹುಸಿ. ಔಷಧ ಸೋತಿತು. ಈಗ ಪ್ಯಾಟುಲಿನ್ ಹೆಸರು ಕೇಳಿಬರುವುದು ಕೊಳೆತ ಸೇಬಿನ ವಿಷವಾಗಿ.

1948ರಲ್ಲಿ ಅದೇ ಮಂಡಳಿಯ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿ ಬಂತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಹಾಕಿದ ಯೋಜನೆ. ಒಂದು ಕಾಲದಲ್ಲಿ ಅವರೂ ಕ್ಷಯರೋಗಿಯಾಗಿ ಹಾಸಿಗೆ ಹಿಡಿದವರೇ. 107 ರೋಗಿಗಳಲ್ಲಿ 55 ಮಂದಿಗೆ ಔಷಧ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧದ ಗುಂಪಿನಲ್ಲಿ ನಾಲ್ವರು ತೀರಿಕೊಂಡರೆ ಇನ್ನೊಂದರಲ್ಲಿ 14 ಮಂದಿ. ಇಲ್ಲಿ ಹುಸಿ ಇಂಜೆಕ್ಷನ್ ಕೊಡಲಿಲ್ಲ. ದಿನಕ್ಕೆ ನಾಲ್ಕು ಸಲದಂತೆ ನಾಲ್ಕು ತಿಂಗಳು ಬರೀ ನೀರು ಚುಚ್ಚುವುದು ಯಾವ ನ್ಯಾಯ? ಸತ್ತವರನ್ನು ಎಣಿಸಲು ಕಣ್ಣುಕಟ್ಟಬೇಕಾದ್ದೂ ಇಲ್ಲ. ಎಕ್ಸ್‌ರೇಗಳನ್ನು ಮಾತ್ರ, ಯಾವ ರೋಗಿ ಯಾವ ಗುಂಪು ಎಂದು ಗೊತ್ತಿಲ್ಲದ ತಜ್ಞರು ಓದಿದರು. 1956ರಲ್ಲಿ ಮದ್ರಾಸಿನ ಕ್ಷಯ ಕೀಮೋಥೆರಪಿ ಕೇಂದ್ರ, ಮನೆಯಲ್ಲೇ ಮಾತ್ರೆ ನುಂಗುವ ಬಡ ರೋಗಿಗಳನ್ನೂ ಸ್ಯಾನಟೋರಿಯಂನಲ್ಲಿ ಮಲಗಿದವರನ್ನೂ ಹೋಲಿಸಲು ಹೊರಟಾಗಲೂ ಇದೇ ದಾರಿ ಹಿಡಿಯಿತು. ಮನೆಯಲ್ಲಿದ್ದೇನೆಯೋ ಆಸ್ಪತ್ರೆಯಲ್ಲಿದ್ದೇನೆಯೋ ಎಂಬುದನ್ನು ರೋಗಿಯಿಂದ ಮುಚ್ಚಿಡುವುದು ಹೇಗೆ? ಮುಚ್ಚಿಟ್ಟದ್ದು ಎಕ್ಸ್‌ರೇ ಓದುವವರಿಂದ. ಮನೆಯ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದು ಎಂದು 1959ರಲ್ಲಿ ಬಂದ ಉತ್ತರವನ್ನು ಜಗತ್ತು ನಂಬಿದ್ದರಲ್ಲಿ ಇದರ ಪಾಲೂ ಇದೆ.

ಪೋಲಿಯೋ ಲಸಿಕೆಯ ಕತೆಯಲ್ಲಿ ಜಗಳವೇ ನಡೆಯಿತು. ಜೋನಾಸ್ ಸಾಕ್ ಅವರಿಗೆ ತಮ್ಮ ಲಸಿಕೆಯ ಮೇಲೆ ಎಷ್ಟು ನಂಬಿಕೆಯೆಂದರೆ, ಮಕ್ಕಳಿಗೆ ಹುಸಿ ಚುಚ್ಚುಮದ್ದು ಕೊಡುವುದು ಕ್ರೌರ್ಯವೆನಿಸಿತ್ತು. ಎರಡನೆಯ ತರಗತಿಯವರಿಗೆಲ್ಲ ಲಸಿಕೆ ಹಾಕಿ, ಒಂದು ಮತ್ತು ಮೂರನೆಯ ತರಗತಿಯವರನ್ನು ಸುಮ್ಮನೆ ಗಮನಿಸಿದರೆ ಸಾಕು ಎಂಬುದು ಒಂದು ಪಕ್ಷ. ಲಘು ಪೋಲಿಯೋ ಸಾಮಾನ್ಯ ಜ್ವರದಂತೆಯೇ ಕಾಣುತ್ತದೆ. ಲಸಿಕೆ ಹಾಕಿದ ಮಗು ಎಂದು ಗೊತ್ತಿದ್ದರೆ ಡಾಕ್ಟರು ‘ಇದು ಪೋಲಿಯೋ ಆಗಿರಲಿಕ್ಕಿಲ್ಲ’ ಎಂದುಬಿಡುತ್ತಾರೆ ಎಂಬುದು ಇನ್ನೊಂದು ಪಕ್ಷ. ಕೊನೆಗೆ 1954ರಲ್ಲಿ ಎರಡೂ ನಡೆದವು, ಒಟ್ಟು ಸುಮಾರು 18 ಲಕ್ಷ ಮಕ್ಕಳೊಂದಿಗೆ. ಕೆಲವು ಜಿಲ್ಲೆಗಳಲ್ಲಿ ತರಗತಿಯ ಲೆಕ್ಕ. ಉಳಿದೆಡೆ ಸುಮಾರು ಎರಡು ಲಕ್ಷ ಮಕ್ಕಳಿಗೆ ಲಸಿಕೆ, ಅಷ್ಟೇ ಮಕ್ಕಳಿಗೆ ಹುಸಿ, ಗುಟ್ಟು ಕೋಡಿನಲ್ಲಿ. 1955ರ ಏಪ್ರಿಲ್ 12ರಂದು, ಪರೀಕ್ಷೆಯ ಹೊಣೆ ಹೊತ್ತಿದ್ದ ಥಾಮಸ್ ಫ್ರಾನ್ಸಿಸ್ ಲಸಿಕೆ ಫಲಕೊಟ್ಟಿತೆಂದು ಸಾರಿದಾಗ ವಿಜ್ಞಾನಿಗಳ ಬಾಯಿ ಮುಚ್ಚಿಸಿದ್ದು ಎರಡನೆಯ ಲೆಕ್ಕ.

ಶಸ್ತ್ರವೈದ್ಯರ ಸರದಿ ಬಂದಾಗ ವಿಷಯ ಇನ್ನೂ ಸೂಕ್ಷ್ಮವಾಯಿತು. 1950ರ ದಶಕದಲ್ಲಿ ಎದೆಗೂಡಿನೊಳಗಿನ ಒಂದು ರಕ್ತನಾಳವನ್ನು ಕಟ್ಟಿದರೆ ಹೃದಯಕ್ಕೆ ರಕ್ತ ಹೆಚ್ಚಿ ಎದೆನೋವು ಹೋಗುತ್ತದೆಂಬ ಶಸ್ತ್ರಚಿಕಿತ್ಸೆ ಅಮೆರಿಕದಲ್ಲಿ ಜನಪ್ರಿಯವಾಗಿತ್ತು. ರೋಗಿಗಳು ಎದ್ದು ಓಡಾಡುತ್ತಿದ್ದರು, ವೈದ್ಯರು ಕಣ್ಣಾರೆ ಕಂಡಿದ್ದರು. ಸಿಯಾಟಲ್‌ನ ಲೆನರ್ಡ್ ಕಾಬ್ ಮತ್ತು ತಂಡ 17 ರೋಗಿಗಳ ಚರ್ಮ ಕೊಯ್ದು ನಾಳ ಕಾಣುವಂತೆ ಮಾಡಿದ ಮೇಲೆ ಲಕೋಟೆ ಒಡೆದು ನೋಡುತ್ತಿತ್ತು: ಕಟ್ಟು, ಅಥವಾ ಕಟ್ಟದೆ ಹೊಲಿ. ಕಟ್ಟದೆ ಹೊಲಿದವರಿಗೂ ನೋವು ಅಷ್ಟೇ ಇಳಿಯಿತು. 1959ರಲ್ಲಿ ಇದು ಅಚ್ಚಾಯಿತು, ಆ ಶಸ್ತ್ರಚಿಕಿತ್ಸೆ ಮೂಲೆ ಸೇರಿತು. ತಮಗೆ ಬರೀ ಕೊಯ್ದು ಹೊಲಿಯುವ ಸಾಧ್ಯತೆಯಿದೆ ಎಂದು ಆ ರೋಗಿಗಳಿಗೆ ಹೇಳಿರಲಿಲ್ಲ. ಇಂದು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪದು, ಒಪ್ಪಬಾರದು. ಆದರೆ ಆ 17 ಜನರಿಂದಾಗಿ ಕೊಯ್ತ ತಪ್ಪಿದ ಸಾವಿರಾರು ಎದೆಗಳೂ ಇವೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಇಂದಿಗೂ ಕೈ ಬರುವುದಿಲ್ಲ.

ಈಗಿನವರು ಹೇಳಿಯೇ ಮಾಡುತ್ತಾರೆ. ಲಂಡನ್ನಿನಲ್ಲಿ ರಾಶಾ ಅಲ್-ಲಮೀ ಮುಂದಾಳಾಗಿದ್ದ ಓರ್ಬಿಟಾ ಪರೀಕ್ಷೆಯಲ್ಲಿ 200 ಎದೆನೋವಿನ ರೋಗಿಗಳು, ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕದೆಯೂ ಇರಬಹುದು ಎಂದು ತಿಳಿದೇ ಸಹಿ ಹಾಕಿದರು. ಮಂಪರಿನ ಔಷಧ ಕೊಟ್ಟು, ವೈದ್ಯರ ಮಾತು ಕಿವಿಗೆ ಬೀಳದಂತೆ ಹೆಡ್‌ಫೋನಿನಲ್ಲಿ ಸಂಗೀತ ಹಾಕಿದ್ದರು. 2017ರ ಫಲ: ಆರು ವಾರದ ಬಳಿಕ ವ್ಯಾಯಾಮದ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೃದ್ರೋಗ ತಜ್ಞರು ಕೆರಳಿದರು. 2023ರಲ್ಲಿ ಅದೇ ತಂಡ, ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ, ಮತ್ತೆ ಕಣ್ಣುಕಟ್ಟಿ ಪರೀಕ್ಷಿಸಿದಾಗ ಸ್ಟೆಂಟ್ ನೋವನ್ನು ತಗ್ಗಿಸಿದ್ದು ಕಂಡಿತು. ಅದನ್ನೂ ಅಷ್ಟೇ ಧೈರ್ಯದಿಂದ ಪ್ರಕಟಿಸಿದರು.

ಗುಟ್ಟು ಕಾಯುವುದು ಕಷ್ಟದ ಕೆಲಸ. ವಿಟಮಿನ್ ಸಿ ನೆಗಡಿ ತಡೆಯುತ್ತದೆಯೇ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನದೇ 311 ನೌಕರರ ಮೇಲೆ ಪರೀಕ್ಷಿಸಿತು. ಹುಸಿ ಕ್ಯಾಪ್ಸೂಲಿನಲ್ಲಿ ಲ್ಯಾಕ್ಟೋಸ್. ವಿಜ್ಞಾನ ಸಂಸ್ಥೆಯ ನೌಕರರು ಸುಮ್ಮನಿರುತ್ತಾರೆಯೇ? ಕ್ಯಾಪ್ಸೂಲ್ ಬಿಚ್ಚಿ ನಾಲಗೆಗೆ ಹಚ್ಚಿ ನೋಡಿದರು. ಹುಳಿಯಾದರೆ ವಿಟಮಿನ್, ಸಿಹಿಯಾದರೆ ಹುಸಿ. 1975ರಲ್ಲಿ ಲೆಕ್ಕ ಹಾಕಿದಾಗ, ನೆಗಡಿಯ ದಿನಗಳು ತಗ್ಗಿದ್ದು ಮುಖ್ಯವಾಗಿ ಗುಟ್ಟು ಊಹಿಸಿದವರಲ್ಲೇ. ಗುಟ್ಟು ಗೊತ್ತಿಲ್ಲದವರಲ್ಲಿ ಆ ಲಾಭ ಕಾಣಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪಾಲುಗೊಂಡು ಭಾರತದ 50 ಕೇಂದ್ರಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪಾಲಿಪಿಲ್ ಪರೀಕ್ಷೆಯಲ್ಲಿ 2,053 ಜನ, ಒಂಬತ್ತು ಗುಂಪು. ಒಂದರಲ್ಲಿ ಐದು ಔಷಧಗಳ ಕೂಟ, ಉಳಿದವುಗಳಲ್ಲಿ ಬಿಡಿ ಬಿಡಿ ಅಥವಾ ಬೇರೆ ಬೇರೆ ಜೋಡಣೆ. ಯಾವುದು ಯಾರಿಗೆ ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಇಂಥದ್ದನ್ನು ನಡೆಸುವಾಗ ಅರ್ಧ ಹೆಣಗಾಟ ಔಷಧ ತಯಾರಿಸುವಲ್ಲೇ ಮುಗಿಯುತ್ತದೆ.

ನುರಿತ ತಜ್ಞರ ಕಣ್ಣು ಮೋಸಹೋಗದು ಎಂಬ ವಾದಕ್ಕೆ ನೇರ ಉತ್ತರ ಕೆನಡಾದಿಂದ ಬಂತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಒಂದು ಕಠಿಣ ಚಿಕಿತ್ಸೆಯನ್ನು 168 ರೋಗಿಗಳಲ್ಲಿ ಪರೀಕ್ಷಿಸುವಾಗ, ಪ್ರತಿ ರೋಗಿಯನ್ನೂ ಇಬ್ಬರು ನರತಜ್ಞರು ನೋಡುವ ಏರ್ಪಾಡಿತ್ತು. ಒಬ್ಬರಿಗೆ ರೋಗಿಯ ಗುಂಪು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಅದೇ ದೇಹ, ಅದೇ ಕೈಕಾಲು, ಅದೇ ಅಂಕಪಟ್ಟಿ. ಗೊತ್ತಿದ್ದವರ ಅಂಕಗಳಲ್ಲಿ ಚಿಕಿತ್ಸೆ ಕೆಲಕಾಲ ಫಲ ಕೊಟ್ಟಂತೆ ಕಂಡಿತು. ಗೊತ್ತಿಲ್ಲದವರ ಅಂಕಗಳಲ್ಲಿ ಏನೂ ಇರಲಿಲ್ಲ. ಜಾನ್ ನೋಸ್‌ವರ್ದಿ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಪ್ರಕಟಿಸಿದರು. ಅವರಲ್ಲಿ ಯಾರೂ ಸುಳ್ಳು ಹೇಳಿದವರಲ್ಲ.

ಕೊನೆಗೆ ಬ್ಲೈಂಡಿಂಗನ್ನೇ ಕಟಕಟೆಗೆ ತಂದವರೂ ಇದ್ದಾರೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು 1,153 ಟ್ರಯಲ್‌ಗಳನ್ನು ಜಾಲಾಡಿತು. ಕಣ್ಣುಕಟ್ಟಿದ ಟ್ರಯಲ್‌ಗಳಿಗೂ ಕಟ್ಟದವುಗಳಿಗೂ ಫಲಿತಾಂಶದಲ್ಲಿ ಸರಾಸರಿ ವ್ಯತ್ಯಾಸವಿದೆ ಎನ್ನಲು ಅದಕ್ಕೆ ಪುರಾವೆ ಸಿಗಲಿಲ್ಲ. ಹಿಂದಿನ ಅಧ್ಯಯನಗಳು ಹೇಳಿದ್ದಕ್ಕೆ ಇದು ತೀರಾ ಉಲ್ಟಾ. ಹಾಗೆಂದು ಬ್ಲೈಂಡಿಂಗ್ ಕೈಬಿಡಿ ಎಂದು ಅದನ್ನು ಬರೆದವರೂ ಹೇಳಲಿಲ್ಲ. ವಾದ ಇನ್ನೂ ನಡೆದಿದೆ.